ಕೈಗೆ ಕೊಡಬಹುದಾದ ಸಿನಿಮಾ

ಹಳೇ ಹುಬ್ಬಳ್ಳಿಯ ಮೋಡಕಾ ಅಂಗಡಿಯಲ್ಲಿ ಎಲ್ಲಕ್ಕೂ ಒಂದು ರೇಟು ಇದೆ. ಹಳೆ ಪೇಪರ್, ಹಿತ್ತಾಳೆ ನಳ, ಸುಟ್ಟುಹೋದ ಮಿಕ್ಸರ್, ಒಡೆದ ಬಕೆಟ್, ಯಾವುದನ್ನೂ ಬೇಡ ಅನ್ನುವುದಿಲ್ಲ. ಸಿಡಿ ಮಾತ್ರ ಬೇಡ. ನಮ್ಮ ಪಕ್ಕದ ಮನೆಯವರು ದೀಪಾವಳಿಗೆ ಮನೆ ಸ್ವಚ್ಛ ಮಾಡಿ ಒಂದು ಚೀಲ ತುಂಬ ಸಿಡಿ, ಡಿವಿಡಿ ಒಯ್ದಿದ್ದರು. ಅಂಗಡಿಯವ ಚೀಲದೊಳಗೆ ಇಣುಕಿ ನೋಡಿ, "ಇವನ್ನ ಹೊಲದಾಗ ಕಟ್ರಿ, ಗುಬ್ಬಿ ಬರೂದಿಲ್ಲ" ಅಂದನಂತೆ. ತಮಾಷೆಗೆ ಹೇಳಿದ್ದೇನಲ್ಲ. ನವಲಗುಂದದ ಕಡೆ ಹೋದರೆ ಜೋಳದ ಹೊಲದಲ್ಲಿ ದಾರಕ್ಕೆ ಕಟ್ಟಿದ ಸಿಡಿಗಳು ಬಿಸಿಲಿಗೆ ಫಳಫಳ ಅನ್ನುತ್ತ ತಿರುಗುತ್ತಿರುತ್ತವೆ. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆಯೂ ಒಂದೆರಡು ಅಂಟಿಸಿರುತ್ತಾರೆ, ರಾತ್ರಿ ಬರುವ ಗಾಡಿಯವರಿಗೆ ಕಾಣಲಿ ಅಂತ.

ಪರಿಸ್ಥಿತಿ ಹೀಗಿರುವಾಗ ಇವತ್ತಿಗೂ ದುಡ್ಡು ಕೊಟ್ಟು ಸಿನಿಮಾ ಡಿಸ್ಕ್ ಕೊಳ್ಳುವ ಇಬ್ಬರು ನನಗೆ ಗೊತ್ತು. ಒಬ್ಬರು ಧಾರವಾಡದ ಮಾಳಮಡ್ಡಿಯಲ್ಲಿರುವ ಕಾಕಾ. ರೇಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ತಂದೆಯ ಗೆಳೆಯರು, ಹಾಗಾಗಿ ನನಗೆ ಕಾಕಾ. ಇನ್ನೊಬ್ಬ ಗೋಕುಲ ರೋಡಿನ ಹುಡುಗ. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಇಬ್ಬರ ಮನೆಯಲ್ಲೂ ಒಳ್ಳೆಯ ಇಂಟರ್ನೆಟ್ ಇದೆ, ಸ್ಟ್ರೀಮಿಂಗ್ ಆ್ಯಪ್ ಇವೆ. ಆದರೂ ಕೊಳ್ಳುತ್ತಾರೆ. ಯಾಕೆ?

ನಾನು ಆ ಗುಂಪಿಗೆ ಸೇರಿದವನಲ್ಲ. ನಮ್ಮ ಮನೆಯಲ್ಲಿ ಡಿಸ್ಕ್ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಯಿತು. ರಾತ್ರಿ ಊಟ ಆದ ಮೇಲೆ ಸೋಫಾ ಮೇಲೆ ಬಿದ್ದುಕೊಂಡು ರಿಮೋಟ್ ಒತ್ತುವವರಲ್ಲಿ ನಾನೂ ಒಬ್ಬ. ಈ ಇಬ್ಬರದು ಸುಮ್ನೆ ಹಳೆ ಹುಚ್ಚು ಅಂತಲೇ ಅಂದುಕೊಂಡಿದ್ದೆ. ಆ ಹುಡುಗನಿಗೆ ಹಳೆ ಹುಚ್ಚು ಹಿಡಿಯುವ ವಯಸ್ಸೇ ಅಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಬಾಡಿಗೆಯ ಕಾಲ

ಸಿಡಿ ಅಂಗಡಿಗಳ ಕಾಲ ಹೇಗಿತ್ತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡಿಪಾಜಿಟ್, ರಜಿಸ್ಟರ್, ಹೊಸ ಸಿನಿಮಾಕ್ಕೆ ಜಾಸ್ತಿ ಬಾಡಿಗೆ, ಮರುದಿನ ತಡವಾದರೆ ಮತ್ತೊಂದು ದಿನದ ದುಡ್ಡು. ಒಂದು ವಿಸಿಡಿಯಲ್ಲಿ, ಅಂದರೆ ಸಿನಿಮಾ ತುಂಬಿದ ವಿಡಿಯೋ ಸಿಡಿಯಲ್ಲಿ, ಹಿಡಿಯುತ್ತಿದ್ದದ್ದು ಸುಮಾರು 74 ನಿಮಿಷ. ನಮ್ಮ ಸಿನಿಮಾಗಳೋ ಎರಡೂವರೆ ಗಂಟೆ. ಹಾಗಾಗಿ ಎರಡು, ಕೆಲವೊಮ್ಮೆ ಮೂರು ಡಿಸ್ಕ್. ಮೊದಲನೆಯದು ಮುಗಿದಾಗ ಯಾರೋ ಒಬ್ಬರು ಎದ್ದು ಬದಲಿಸಬೇಕು. ಆಗ ಅಡುಗೆಮನೆಯಿಂದ ಚಹಾ ಬರುತ್ತಿತ್ತು. ಥೇಟರಿನ ಇಂಟರ್ವಲ್ ಬೇರೆ ಕಡೆ, ಸಿಡಿಯ ಇಂಟರ್ವಲ್ ಬೇರೆ ಕಡೆ. ಎಷ್ಟೋ ಸಿನಿಮಾಗಳನ್ನು ನಾವು ನಿರ್ದೇಶಕರು ಯೋಚಿಸದೇ ಇದ್ದ ಜಾಗದಲ್ಲಿ ಎರಡು ಭಾಗ ಮಾಡಿಕೊಂಡು ನೆನಪಿಟ್ಟುಕೊಂಡಿದ್ದೇವೆ.

ಆ ಅಂಗಡಿಗಳಲ್ಲಿದ್ದ ಎಷ್ಟೋ ಡಿಸ್ಕ್ ಕಳ್ಳ ಪ್ರತಿಗಳೇ ಆಗಿದ್ದವು ಅನ್ನುವುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಣ್ಣ ಹಾರಿದ ಜೆರಾಕ್ಸ್ ಕವರು, ಥೇಟರಿನಲ್ಲಿ ಯಾರೋ ಎದ್ದು ಹೋಗುವ ನೆರಳು, ನಡುವೆ ಕೇಳುವ ಕೆಮ್ಮು. ಇದನ್ನು ಮುರಿಯಲೆಂದೇ ಮೋಸರ್ ಬೇರ್ ಕಂಪನಿ ಈ ವ್ಯವಹಾರಕ್ಕೆ ಇಳಿದು ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಕಳ್ಳ ಮಾಲಿನ ರೇಟಿಗೇ ಅಸಲಿ ಮಾಲು. ಬಾಡಿಗೆ ತರುತ್ತಿದ್ದವರು ಮೊದಲ ಸಲ ಸಿನಿಮಾವನ್ನು ಕೊಂಡದ್ದು ಆಗ. ಕಿರಾಣಿ ಅಂಗಡಿಯಲ್ಲೂ, ಪುಸ್ತಕದ ಅಂಗಡಿಯಲ್ಲೂ ಆ ಡಿಸ್ಕ್‌ಗಳ ಸ್ಟ್ಯಾಂಡು ಬಂತು. ಕಾಕಾನ ಸಂಗ್ರಹದ ಬಹುಪಾಲು ಆ ಕಾಲದ್ದು. 2018ರ ಹೊತ್ತಿಗೆ ಆ ಕಂಪನಿಯ ಬಾಗಿಲು ಮುಚ್ಚಿಸುವ ಆದೇಶವೇ ಬಂತು. ಅಷ್ಟರಲ್ಲಿ ಜನರ ಕೈಗೆ ಫೋನ್ ಬಂದಿತ್ತು, ಡೇಟಾ ಅಗ್ಗವಾಗಿತ್ತು.

ತಿಜೋರಿ

ಹೋದ ನವರಾತ್ರಿಯಲ್ಲಿ ಅವ್ವ ಒಂದು ಹಳೆ ಕನ್ನಡ ಸಿನಿಮಾ ನೋಡಬೇಕು ಅಂದಳು. ಪುಟ್ಟಣ್ಣ ಕಣಗಾಲರದು. ಅದು ನಾವು ದುಡ್ಡು ಕಟ್ಟುವ ಆ್ಯಪಿನಲ್ಲೇ ಇತ್ತು, ನಾನೇ ನೋಡಿದ್ದೆ. ಹುಡುಕಿದರೆ ಇಲ್ಲ. ಬೇರೆ ಕಡೆ ಪುಕ್ಕಟೆ ಸಿಕ್ಕಿತು, ಆದರೆ ನಾಯಕಿಯ ಮುಖದ ಮೇಲೇ ಯಾರದೋ ಲಾಂಛನ. ಹಾಡು ಬಂದ ಕೂಡಲೇ ದನಿ ಮಾಯ. ಹಾಡಿನ ಹಕ್ಕು ಇನ್ನೊಬ್ಬರದು ಇದ್ದರೆ ಹಾಗೆ ಮಾಡುತ್ತಾರೆ. ಅವ್ವ ಎರಡು ನಿಮಿಷ ನೋಡಿ, "ಹಾಡs ಇಲ್ಲಂದ್ರ ಇದನ್ನ ಯಾಕ ನೋಡೂದು" ಅಂತ ಎದ್ದು ಹೋದಳು. ಅಪ್ಪ ಕೂತಲ್ಲಿಂದಲೇ ಮಾಳಮಡ್ಡಿಗೆ ಫೋನ್ ಮಾಡಿದರು. ನಾನು ಚಿಗರಿ ಬಸ್ ಹತ್ತಿದೆ.

ಕಾಕಾ ಡಿಸ್ಕ್ ಇಟ್ಟಿರುವುದು ಗೋದ್ರೇಜ್ ತಿಜೋರಿಯಲ್ಲಿ. ಬಾಗಿಲು ತೆಗೆದರೆ ಡಾಂಬರ್ ಗುಳಿಗೆಯ ವಾಸನೆ. ಮೇಲಿನ ಅರೆಯಲ್ಲಿ ಧೋತರ, ಶಾಲು. ಕೆಳಗಿನ ಅರೆಗಳಲ್ಲೆಲ್ಲ ಡಿಸ್ಕ್‌ಗಳು, ಒಂದೂ ಅಡ್ಡ ಮಲಗಿಲ್ಲ, ಎಲ್ಲವೂ ನೆಟ್ಟಗೆ ನಿಂತಿವೆ. ಸಂದಿಯಲ್ಲಿ ಬೂಟಿನ ಡಬ್ಬಿಯಿಂದ ತೆಗೆದಿಟ್ಟ ಸಿಲಿಕಾದ ಪುಟ್ಟ ಪೊಟ್ಟಣಗಳು, ತೇವ ಹಿಡಿಯದಿರಲಿ ಅಂತ. ಕಾಕು ಚಹಾ ತಂದಿಟ್ಟು ನನ್ನ ಕಡೆ ನೋಡಿ, "ಇಡೀ ತಿಜೋರಿ ಇವಕ್ಕs ಆತು ನೋಡಪಾ. ನನ್ನ ಸೀರಿ ಟ್ರಂಕಿನ್ಯಾಗ ಇಟ್ಟೀನಿ" ಅಂದರು. ಕಾಕಾ ಕೇಳಿಸಿಕೊಂಡವರಂತೆ ಕಾಣಲಿಲ್ಲ.

ಅವರು ಡಿಸ್ಕ್ ತೆಗೆಯುವುದನ್ನು ನೋಡಬೇಕು. ಡಬ್ಬಿಯ ನಡುವಿನ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ, ಡಿಸ್ಕ್ ತಾನಾಗಿ ಸಡಿಲವಾಗುವವರೆಗೆ ಕಾದು, ಆಮೇಲೆ ಅಂಚಿಗೆ ಬೆರಳು ಹಚ್ಚಿ ಎತ್ತುತ್ತಾರೆ. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡುತ್ತಾರೆ. ಆಮೇಲೆ ಮೆತ್ತಗಾದ ಹಳೆ ಧೋತರದ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸುತ್ತಾರೆ. ನಾವೆಲ್ಲ ಅಂಗಿಯ ಚುಂಗಿಗೆ ಗೋಲಾಕಾರ ತಿಕ್ಕುತ್ತಿದ್ದವರು. ಯಾಕೆ ಹೀಗೆ ಅಂತ ಕೇಳಿದೆ. "ಬರವಣಿಗಿ ಎಲ್ಲಾ ಸುತ್ತs ಇರ್ತದಪಾ. ನೀ ಸುತ್ತ ತಿಕ್ಕಿದಿ ಅಂದ್ರ ಒಂದs ಸಾಲು ಉದ್ದಕ್ಕೂ ಹೋತು. ಅಡ್ಡ ಗೀರು ಬಿತ್ತಂದ್ರ ಒಂದೊಂದು ಸಾಲಿನ್ಯಾಗ ಒಂದೀಟೀಟs ಹೋಗ್ತದ, ಮಷೀನು ತುಂಬಿಕೋತದ" ಅಂದರು. ನಿಜವೇ. ಡಿಸ್ಕಿನ ಮೇಲಿನ ಮಾಹಿತಿ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಅಲ್ಲಲ್ಲಿ ಸ್ವಲ್ಪ ಹಾಳಾದರೆ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುವ ಏರ್ಪಾಡು ಅದರಲ್ಲೇ ಇದೆ. ಒಂದೇ ಸಾಲು ಉದ್ದಕ್ಕೆ ಕೆಟ್ಟರೆ ಮಾತ್ರ ಅದಕ್ಕೂ ಕೈಲಾಗುವುದಿಲ್ಲ.

ತಿಜೋರಿಯ ಬಾಗಿಲಿನ ಒಳಗಡೆ ದಾರಕ್ಕೆ ಕಟ್ಟಿದ ಒಂದು ಉದ್ದನೆಯ ಖಾತೆ ಪುಸ್ತಕ. ಸಿನಿಮಾದ ಹೆಸರು, ಒಯ್ದವರ ಹೆಸರು, ಒಯ್ದ ದಿನ, ತಂದ ದಿನ. ತಂದ ದಿನದ ಕಡೆ ಖಾಲಿ ಇದ್ದರೆ ಕೆಂಪು ಶಾಯಿಯ ಗೆರೆ. ಪುಟ ತಿರುವಿದೆ. ಎದುರು ಮನೆಯವರು, ಔಷಧಿ ಅಂಗಡಿಯವರು, ಕರ್ನಾಟಕ ಕಾಲೇಜಿನಲ್ಲಿ ಓದುವ ಬಾಡಿಗೆಯ ಹುಡುಗರು, ಇವರ ಜೊತೆ ಕೆಲಸ ಮಾಡಿದ ಗಾರ್ಡು. ಕೆಲವರು ತೀರಿಹೋಗಿದ್ದಾರೆ. ಅವರ ಹೆಸರಿನ ಮುಂದೆಯೂ ಕೆಂಪು ಗೆರೆ ಹಾಗೇ ಇದೆ. "ಇವರ ಮಗಗ ಫೋನ್ ಮಾಡಿದ್ರ ಕೊಡ್ತಾನ. ಆದ್ರ ಹೆಂಗ ಕೇಳೂದು?" ಅಂದರು ಕಾಕಾ.

ನನ್ನ ಹೆಸರನ್ನೂ ಬರೆದುಕೊಂಡರು. ಅವ್ವನಿಗಾಗಿ ಅಂತ ವಿನಾಯಿತಿ ಏನೂ ಇರಲಿಲ್ಲ. ನಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲ ಅಂದೆ. ಬೈದು, ತಮ್ಮ ಎರಡನೇ ಪ್ಲೇಯರನ್ನೂ ಚೀಲಕ್ಕೆ ಹಾಕಿ ಕೊಟ್ಟರು. ಅದಕ್ಕೂ ಪುಸ್ತಕದಲ್ಲಿ ಒಂದು ಸಾಲು.

ಚಿತ್ರ ಚೊಕ್ಕವಾಗಿ ಕಾಣುತ್ತದೆ, ಹೌದು

ಗೋಕುಲ ರೋಡಿನ ಹುಡುಗನ ಕಾರಣ ಬೇರೆ. ಅವನು ಕೊಳ್ಳುವುದು ಬ್ಲೂ-ರೇ ಮತ್ತು 4ಕೆ ಡಿಸ್ಕ್, ಡಿವಿಡಿಗಿಂತ ಚೊಕ್ಕ ಚಿತ್ರ ಕೊಡುವಂಥವು. ಹೆಚ್ಚಿನವು ಹೊರದೇಶದಿಂದ ತರಿಸಿದವು. ಅದರ ತಲೆನೋವು ಕೇಳಿದರೆ ನಮಗೇ ಸಾಕಾಗುತ್ತದೆ. ಡಿವಿಡಿಗೆ ಪ್ರಪಂಚವನ್ನು ವಲಯಗಳಾಗಿ ಹಂಚಿದ್ದಾರೆ, ಭಾರತ 5ನೇ ವಲಯ. ಬೇರೆ ವಲಯದ ಡಿಸ್ಕ್ ಇಲ್ಲಿಯ ಪ್ಲೇಯರಿನಲ್ಲಿ ಸುಮ್ನೆ ಓಡುವುದಿಲ್ಲ. ಬ್ಲೂ-ರೇಗೆ ಬೇರೆಯೇ ಹಂಚಿಕೆ. 4ಕೆ ಡಿಸ್ಕಿಗೆ ಮಾತ್ರ ಈ ಬೇಲಿ ಇಲ್ಲ.

ಒಂದು ಭಾನುವಾರ ಕೂರಿಸಿ ತೋರಿಸಿದ. ಒಂದೇ ಸಿನಿಮಾ, ಒಂದೇ ದೃಶ್ಯ, ಮೊದಲು ಆ್ಯಪಿನಲ್ಲಿ, ಆಮೇಲೆ ಡಿಸ್ಕಿನಲ್ಲಿ. ರಾತ್ರಿಯ ದೃಶ್ಯ. ಆ್ಯಪಿನಲ್ಲಿ ಕತ್ತಲು ಮೆಟ್ಟಿಲು ಮೆಟ್ಟಿಲಾಗಿ ಕಂಡಿತು, ಡಿಸ್ಕಿನಲ್ಲಿ ಕತ್ತಲು ಕತ್ತಲಾಗಿಯೇ ಇತ್ತು. ದೂರದಲ್ಲಿ ನಿಂತ ಮನುಷ್ಯನ ಅಂಗಿಯ ಗೆರೆ ಕೂಡ ಕಂಡಿತು. ಲೆಕ್ಕ ಸುಲಭ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ (ಸೆಕೆಂಡಿಗೆ 15 ಮೆಗಾಬಿಟ್) ಸಂಪರ್ಕ ಸಾಕು ಅನ್ನುತ್ತದೆ. 4ಕೆ ಡಿಸ್ಕು 100 ಎಂಬಿಪಿಎಸ್ಸಿಗೂ ಮೇಲೆ ಹೋಗಬಲ್ಲದು. 100 ಜಿಬಿ ಹಿಡಿಯುವ ಡಿಸ್ಕ್ ಇದೆ, ಹಾಗಾಗಿ ಹಿಂಡಿ ಹಿಂಡಿ ಸಣ್ಣದು ಮಾಡುವ ಅಗತ್ಯ ಬೀಳುವುದಿಲ್ಲ. ಸಂಜೆ ಓಣಿಯ ಜನರೆಲ್ಲ ನೆಟ್ ಹಚ್ಚಿಕೊಂಡಾಗ ಚಿತ್ರ ಮಸುಕಾಗುವ ಗೋಳೂ ಇಲ್ಲ. ದನಿಯಲ್ಲಂತೂ ವ್ಯತ್ಯಾಸ ನನಗೇ ಗೊತ್ತಾಯಿತು. ಮಳೆಯ ಸದ್ದು ಹಿಂದಿನ ಗೋಡೆಯಿಂದ ಬಂತು.

ಒಪ್ಪಿದೆ. ಆದರೆ ಇದೇ ಪೂರ್ತಿ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯ 32 ಇಂಚಿನ ಟಿವಿಯಲ್ಲಿ ಆ ಅಂಗಿಯ ಗೆರೆ ಹೇಗೂ ಕಾಣುವುದಿಲ್ಲ. ಇನ್ನೊಂದು ಮಾತು. ಚಿತ್ರವೇ ಮುಖ್ಯವಾಗಿದ್ದರೆ ನಮ್ಮ ಕಡೆ ವಿಸಿಡಿಯನ್ನು ಯಾರೂ ಮುಟ್ಟಬಾರದಿತ್ತು. ಅದರ ಚಿತ್ರದ ಅಳತೆ ಅಡ್ಡಕ್ಕೆ 352 ಚುಕ್ಕಿ, ಉದ್ದಕ್ಕೆ 288 ಚುಕ್ಕಿ, ಅಷ್ಟೇ. ಮಳೆಯ ಹಾಡು ಬಂತೆಂದರೆ ಪರದೆ ತುಂಬ ಚೌಕ ಚೌಕ. ನಾಯಕ ಕುಣಿದರೆ ಅವನ ಹಿಂದೆ ಹಿಟ್ಟು ಚೆಲ್ಲಿದಂತೆ ಗುರುತು ಉಳಿಯುತ್ತಿತ್ತು. ಇವತ್ತಿನ ಅತಿ ಕೆಟ್ಟ ಸ್ಟ್ರೀಮಿಂಗೂ ಅದಕ್ಕಿಂತ ಚಂದ. ಆದರೂ ಕಾಕಾ ವಿಸಿಡಿಗಳನ್ನು ಎಸೆದಿಲ್ಲ. ಅವರಿಗೆ ಚೌಕಗಳು ಕಾಣುವುದಿಲ್ಲ ಅಂತಲ್ಲ.

ಆ ಹುಡುಗನೂ ಕೊನೆಗೆ ಇನ್ನೊಂದು ಮಾತು ಹೇಳಿದ. "ಅಣ್ಣಾ, ಖರೆ ಹೇಳ್ಬೇಕಂದ್ರ ನನಗ ಇದನ್ನ ಯಾರೂ ತಿದ್ದೂದಿಲ್ಲ ಅನ್ನೂದು ಸೇರ್ತದ." ಆ್ಯಪಿನಲ್ಲಿರುವ ಸಿನಿಮಾದಿಂದ ಒಂದು ಮಾತು, ಒಂದು ದೃಶ್ಯ ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಹೋಲಿಸಿ ನೋಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಡಿಸ್ಕಿನಲ್ಲಿ ಒಮ್ಮೆ ಒತ್ತಿದ್ದು ಒತ್ತಿದ್ದೇ. ಕೆಟ್ಟದ್ದಿದ್ದರೂ, ತಪ್ಪಿದ್ದರೂ, ಅದು ಬಿಡುಗಡೆಯಾದಾಗ ಹೇಗಿತ್ತು ಅನ್ನುವುದಕ್ಕೆ ಸಾಕ್ಷಿ.

"ಖರೀದಿಸಿ" ಅಂತ ಬರೆದಿದ್ದರೂ

ತಿಂಗಳ ಚಂದಾ ಕೊಟ್ಟು ನೋಡುವುದು ನಮ್ಮದಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆ್ಯಪಿನವರು ಸಿನಿಮಾವನ್ನು ಇಷ್ಟು ವರ್ಷಕ್ಕೆ ಅಂತ ಕರಾರು ಮಾಡಿಕೊಳ್ಳುತ್ತಾರೆ. ಕರಾರು ಮುಗಿದಾಗ ಮುಂದುವರಿಸಿದರೆ ಇರುತ್ತದೆ, ಇಲ್ಲವಾದರೆ ಹೋಗುತ್ತದೆ. ಅವ್ವನ ಸಿನಿಮಾ ಹೋದದ್ದೂ ಬಹುಶಃ ಹಾಗೇ. ಅದರಲ್ಲಿ ಮೋಸವೇನಿಲ್ಲ. ಬಾಡಿಗೆ ಮನೆ ಅಂತ ಗೊತ್ತಿದ್ದೇ ಇದ್ದೇವೆ.

ತಲೆ ಕೆಡುವುದು ಪೂರ್ತಿ ಬೆಲೆ ಕೊಟ್ಟು "ಖರೀದಿ" ಮಾಡಿದ್ದರ ವಿಷಯದಲ್ಲಿ. 2023ರ ಡಿಸೆಂಬರಿನಲ್ಲಿ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ ಅನ್ನುವ ಗೇಮ್ ಯಂತ್ರದ ಗ್ರಾಹಕರಿಗೆ ಒಂದು ತಿಳಿವಳಿಕೆ ಕೊಟ್ಟಿತು. ನೀವು ಕೊಂಡ ಡಿಸ್ಕವರಿ ಕಾರ್ಯಕ್ರಮಗಳು ವರ್ಷದ ಕೊನೆಗೆ ನಿಮ್ಮ ಖಾತೆಯಿಂದ ಹೋಗುತ್ತವೆ ಅಂತ. ಕೊಂಡವರು ಗದ್ದಲ ಎಬ್ಬಿಸಿದರು. ಅದೇ ತಿಂಗಳು ಹೊಸ ಒಪ್ಪಂದ ಆಗಿ ಆ ನಿರ್ಧಾರ ಹಿಂದೆ ಸರಿಯಿತು. ಆದರೆ ಅದಕ್ಕೂ ಮುಂಚೆ, 2022ರಲ್ಲಿ, ಜರ್ಮನಿ ಮತ್ತು ಆಸ್ಟ್ರಿಯಾದ ಗ್ರಾಹಕರು ಕೊಂಡಿದ್ದ ಸ್ಟುಡಿಯೋಕೆನಾಲ್ ಅನ್ನುವ ಕಂಪನಿಯ ಸಿನಿಮಾಗಳಿಗೆ ಹೀಗೇ ಆಗಿತ್ತು. ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾನೂನನ್ನೇ ತಂದಿತು. 2025ರ ಜನವರಿಯಿಂದ ಅಲ್ಲಿ ಡಿಜಿಟಲ್ ಮಾಲಿಗೆ "ಖರೀದಿಸಿ" ಅನ್ನುವ ಗುಂಡಿ ಹಾಕಬೇಕಾದರೆ, ನಿಮಗೆ ಸಿಗುತ್ತಿರುವುದು ಬರೀ ಪರವಾನಗಿ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ಕಾನೂನು ಇಷ್ಟು ಹೇಳಬೇಕಾಯಿತು ಅಂದರೆ ಜನ ಅಲ್ಲಿಯವರೆಗೆ ಏನು ತಿಳಿದುಕೊಂಡಿದ್ದರು ಅನ್ನುವುದು ಗೊತ್ತಾಗುತ್ತದಲ್ವಾ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮಾರಿದ ಮ್ಯಾಲೆ ಕೀಲಿಕೈ ಅಂವನ ಕಡೆನs ಇತ್ತಂದ್ರ ಅದು ಮಾರಿದ್ದು ಹೆಂಗಾತು?" ಅಂದು ಸುಮ್ಮನಾದರು.

ಇಲ್ಲಿಯವರೆಗೆ ಬಂದ ಮೇಲೂ ನನಗೆ ಪೂರ್ತಿ ಸಮಾಧಾನ ಆಗಿರಲಿಲ್ಲ. ನನ್ನದು ಅನ್ನುವ ಭಾವನೆ ಇಷ್ಟು ದೊಡ್ಡದಾ? ಸಿನಿಮಾ ಏನು, ಹೊಲವಾ, ಮನೆಯಾ? ಒಮ್ಮೆ ನೋಡಿ ಬಿಟ್ಟರೆ ಮತ್ತೆ ನೋಡುವುದು ಯಾವಾಗಲೋ. ಉತ್ತರ ಬೇರೆ ಕಡೆಯಿಂದ ಬಂತು. ಹಾವೇರಿ ಜಿಲ್ಲೆಯಿಂದ.

ಮಾವನ ವಿಲನ್ ಪಾರ್ಟು

ಸವಣೂರಿನ ಹತ್ತಿರದ ಒಂದು ಹಳ್ಳಿ ನನ್ನ ಸೋದರತ್ತೆಯ ಊರು. ಅಲ್ಲಿ ಜಾತ್ರೆಗೆ ಊರವರೇ ನಾಟಕ ಆಡುತ್ತಿದ್ದರು. ಪುರುಷ ಪಾತ್ರಗಳಿಗೆ ಊರಿನ ಗಂಡಸರು, ಸ್ತ್ರೀ ಪಾತ್ರಗಳಿಗೆ ಹೊರಗಿನಿಂದ ಕರೆಸಿದ ನಟಿಯರು. ರಾತ್ರಿ ಹತ್ತಕ್ಕೆ ಶುರುವಾದರೆ ಕೋಳಿ ಕೂಗಿದರೂ ಮುಗಿಯುತ್ತಿರಲಿಲ್ಲ. ಒಂದು ವರ್ಷ ನಮ್ಮ ಮಾವ ವಿಲನ್ ಪಾರ್ಟು ಮಾಡಿದ. ಮಾವ ಬಹಳ ಸಾಧು ಮನುಷ್ಯ. ಎತ್ತಿಗೂ ಗದರಿಸುತ್ತಿರಲಿಲ್ಲ. ಅಂಥವನು ಮೀಸೆ ಬರೆದುಕೊಂಡು ಕರಿ ಕನ್ನಡಕ ಹಾಕಿಕೊಂಡು ನಗುತ್ತಿದ್ದರೆ ಸಣ್ಣ ಮಕ್ಕಳು ಅತ್ತವಂತೆ.

ಆ ವರ್ಷದ ನಾಟಕವನ್ನು ಪೇಟೆಯ ಫೋಟೋ ಸ್ಟುಡಿಯೋದವನು ವಿಡಿಯೋ ಮಾಡಿ ವಿಸಿಡಿ ಮಾಡಿಕೊಟ್ಟ. ಐದು ಡಿಸ್ಕ್. ಬಿಳಿ ಮೈಮೇಲೆ ನೀಲಿ ಮಾರ್ಕರಿನಲ್ಲಿ "ಭಾಗ 1", "ಭಾಗ 2" ಅಂತ ಬರೆದದ್ದು. ಪಾರ್ಟು ಮಾಡಿದ ಎಲ್ಲರ ಮನೆಗೂ ಒಂದೊಂದು ಸೆಟ್. ನಾಟಕ ಮಾತ್ರ ಅಲ್ಲ, ಆವತ್ತಿನ ರಾತ್ರಿಯೇ ಅದರಲ್ಲಿದೆ. ಕ್ಯಾಮೆರಾ ಅಲುಗಾಡುತ್ತದೆ. ನಡುನಡುವೆ ನಾಟಕ ನಿಲ್ಲುತ್ತದೆ, ಆಯೇರಿ ಮಾಡುವವರು ರಂಗದ ಮೇಲೆ ಬರುತ್ತಾರೆ. ಬೀಗರು ಐವತ್ತೊಂದು ರೂಪಾಯಿ, ಅಳಿಯಂದಿರು ಅಂಗಿ ಅರಿವೆ, ಎಲ್ಲವನ್ನೂ ಮೈಕಿನಲ್ಲಿ ಕೂಗುತ್ತಾರೆ. ವಿಲನ್ ವೇಷದಲ್ಲೇ ಮಾವ ಹಿರಿಯರ ಕಾಲಿಗೆ ಬಿದ್ದು ನಮಸ್ಕಾರ ಮಾಡಿ, ದುಡ್ಡನ್ನು ಕಿಸೆಗೆ ಇಟ್ಟುಕೊಂಡು, ಮತ್ತೆ ಮೀಸೆ ತಿರುವಿ ನಾಯಕನಿಗೆ ಬೈಯಲು ಶುರು ಮಾಡುತ್ತಾನೆ. ಹಾರ್ಮೋನಿಯಂ ಮಾಸ್ತರರ ಬೆನ್ನು ಮೊದಲಿನಿಂದ ಕೊನೆಯವರೆಗೂ ಪರದೆಯ ಎಡ ಮೂಲೆಯಲ್ಲಿದೆ.

ಮಾವ ತೀರಿಕೊಂಡ ಮೇಲೆ ಅತ್ತೆ ಆಗಾಗ ಅದನ್ನು ಹಾಕಿಸಿಕೊಂಡು ನೋಡುತ್ತಿದ್ದಳು. ಟಿವಿಯ ಮೇಲೆ, ಕಿಟಕಿಯ ಪಕ್ಕ ಇಟ್ಟಿದ್ದಳು, ಕೈಗೆ ಸಿಗಲಿ ಅಂತ. ಅದೇ ತೊಂದರೆಯಾಯಿತು. ಕಂಪನಿಯಲ್ಲಿ ಅಚ್ಚು ಒತ್ತಿದ ಡಿಸ್ಕಿನಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ತಗ್ಗು ತಗ್ಗಾಗಿ ಮೂಡಿರುತ್ತದೆ. ಸ್ಟುಡಿಯೋದಲ್ಲಿ ಬರೆದ ಡಿಸ್ಕಿನಲ್ಲಿ ಇರುವುದು ಒಂದು ಬಣ್ಣದ ಪದರ. ಬಿಸಿಲು, ಕಾವು ತಾಗಿದರೆ ಆ ಬಣ್ಣ ಮಾಸುತ್ತದೆ. ಅತ್ತೆಯ ಮಗ ಬೆಂಗಳೂರಿನಿಂದ ಬಂದಾಗ ಐದನ್ನೂ ಪೆನ್‌ಡ್ರೈವಿಗೆ ಹಾಕೋಣ ಅಂತ ಕೂತ. ಮೂರು ಬಂದವು. ಎರಡನೇ ಭಾಗ, ನಾಲ್ಕನೇ ಭಾಗ ಏಳಲೇ ಇಲ್ಲ. ನಾಲ್ಕನೇ ಭಾಗದಲ್ಲೇ ಮಾವನ ದೊಡ್ಡ ದೃಶ್ಯ ಇದ್ದದ್ದು. ಸ್ಟುಡಿಯೋದವನ ಹತ್ತಿರ ಮೂಲ ಇದೆಯಾ ಅಂತ ಕೇಳಿದರೆ, ಅವನು ಕಂಪ್ಯೂಟರ್ ಬದಲಿಸಿ ಕಾಲವಾಗಿತ್ತು.

ಅತ್ತೆ ಗಾಬರಿಯಾಗಲಿಲ್ಲ. ಮರುದಿನ ಮುಂಜಾನೆ ಊರಲ್ಲಿ ಒಂದು ಸುತ್ತು ಹೊಡೆದಳು. ನಾಯಕನ ಪಾರ್ಟು ಮಾಡಿದವರ ಮನೆಯಲ್ಲಿ ಮಕ್ಕಳು ಸಿಡಿಗಳನ್ನು ಗಾಲಿ ಮಾಡಿ ಆಡಿ ಮುಗಿಸಿದ್ದರು. ಇನ್ನೊಂದು ಮನೆಯಲ್ಲಿ ಎರಡನೇ ಭಾಗ ಸಿಕ್ಕಿತು. ಹಾರ್ಮೋನಿಯಂ ಮಾಸ್ತರರ ಮನೆಯಲ್ಲಿ ನಾಲ್ಕನೇ ಭಾಗ, ಪೆಟ್ಟಿಗೆಯೊಳಗೆ, ಹಾಡಿನ ಪುಸ್ತಕಗಳ ನಡುವೆ, ಬಿಸಿಲು ತಾಗದಂತೆ. "ನಮ್ಮ ಬೆನ್ನ ಐತಲ್ಲವಾ ಅದರಾಗ, ಅದಕ್ಕ ಇಟ್ಟೇವಿ" ಅಂದರಂತೆ ಮಾಸ್ತರರು. ಎರಡೂ ಓಡಿದವು.

ನಾನು ಈ ಕಥೆಯನ್ನು ಫೋನಿನಲ್ಲಿ ಕೇಳಿ ನಕ್ಕೆ. ಆಮೇಲೆ ಯೋಚನೆ ಹತ್ತಿತು. ಆ ನಾಟಕ ಉಳಿದದ್ದು ಯಾರೋ ಒಬ್ಬರು ಜೋಪಾನ ಮಾಡಿದ್ದರಿಂದ ಅಲ್ಲ. ಅತ್ತೆಯೇ ಬಿಸಿಲಿಗಿಟ್ಟು ಕೆಡಿಸಿದ್ದಳು. ಅದು ಹಲವು ಮನೆಗಳಲ್ಲಿ ಚದುರಿಹೋಗಿತ್ತು, ಅದಕ್ಕೇ ಉಳಿಯಿತು. ಯಾರನ್ನೂ ಕೇಳದೆ, ಯಾರ ಅಪ್ಪಣೆಯೂ ಇಲ್ಲದೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ವಸ್ತು ಅದು. ಕಾಕಾನ ಖಾತೆ ಪುಸ್ತಕವನ್ನು ನಾನು ಅಲ್ಲಿಯವರೆಗೆ ಬರೀ ರೇಲ್ವೆಯವರ ಶಿಸ್ತು ಅಂದುಕೊಂಡಿದ್ದೆ. ಅವರು ಡಿಸ್ಕ್ ಕೊಳ್ಳುವುದು ಇಟ್ಟುಕೊಳ್ಳಲಿಕ್ಕೆ ಎಷ್ಟೋ, ಕೊಡಲಿಕ್ಕೂ ಅಷ್ಟೇ. ನಾನು ಒಂದು ಒಳ್ಳೆಯ ಸಿನಿಮಾ ನೋಡಿದರೆ ಗೆಳೆಯರಿಗೆ ಲಿಂಕ್ ಕಳಿಸುತ್ತೇನೆ. ಅವರು ಅದೇ ಆ್ಯಪಿಗೆ ದುಡ್ಡು ಕಟ್ಟಿದ್ದರೆ ನೋಡಬಹುದು. ಪಾಸ್‌ವರ್ಡ್ ಕೊಟ್ಟರೆ ಬೇರೆ ಮನೆಯಲ್ಲಿ ನೋಡುತ್ತಿದ್ದೀರಿ ಅಂತ ತಗಾದೆ ಬರುತ್ತದೆ. ಅಂದರೆ ನಾನು ಕೊಟ್ಟದ್ದು ಸಿನಿಮಾ ಅಲ್ಲ, ಅದರ ವಿಳಾಸ.

ದೊಡ್ಡ ಸಿನಿಮಾಗಳ ವಿಷಯದಲ್ಲೂ ಇದೇ ಆಗಿದೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934ರದ್ದು. ಇವತ್ತು ಅದರ ಪ್ರತಿ ಎಲ್ಲೂ ಸಿಗುವುದಿಲ್ಲ. ಆಗ ಸಿನಿಮಾ ಇರುತ್ತಿದ್ದದ್ದು ಬೇಗ ಬೆಂಕಿ ಹತ್ತುವ ನೈಟ್ರೇಟ್ ರೀಲಿನಲ್ಲಿ, ಅವೂ ಕೆಲವೇ ಪ್ರತಿ. ಮನೆಯಲ್ಲಿ ಇಟ್ಟುಕೊಳ್ಳುವ ವಸ್ತು ಅಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟರಲ್ಲಿ ಹೋದದ್ದು ಹೋಗಿತ್ತು. ಉಳಿಸಿದ್ದರಲ್ಲೂ ಒಂದಷ್ಟು 2003ರ ಬೆಂಕಿಯಲ್ಲಿ ಸುಟ್ಟಿತು. ಒಂದು ಹಳ್ಳಿಯ ನಾಟಕಕ್ಕೆ ಇದ್ದ ಭಾಗ್ಯ ಆ ಸಿನಿಮಾಕ್ಕೆ ಇರಲಿಲ್ಲ.

ಹೀಗೆ ನೋಡಿದರೆ ನಮ್ಮ ಕಡೆ ಎಷ್ಟೋ ಸಂಗತಿಗಳು ಡಿಸ್ಕಿನಲ್ಲಿ ಮಾತ್ರ ಇವೆ. ಜಾತ್ರೆಗಳಲ್ಲಿ ಮಾರುತ್ತಿದ್ದ ಭಜನಾ ಪದ, ಗೀಗೀ ಪದದ ಸಿಡಿಗಳು. ಶಿವರಾತ್ರಿಗೆ ಸಿದ್ಧಾರೂಢ ಮಠದ ಹಾದಿಯಲ್ಲಿ ತಟ್ಟಿನ ಮೇಲೆ ಹರಡಿ ಮಾರುತ್ತಿದ್ದರಲ್ವಾ, ಶಿಶುನಾಳ ಶರೀಫರ ಪದಗಳನ್ನು ಯಾವುದೋ ಊರಿನ ಮೇಳದವರು ಹಾಡಿದ್ದು. ಇನ್ನು ಲಗ್ನದ ಸಿಡಿಗಳ ಬಗ್ಗೆ ಹೇಳಲೇಬೇಕಾಗಿಲ್ಲ. ಕೆಲವು ಮನೆಗಳಲ್ಲಿ ಪ್ಲೇಯರ್ ಉಳಿದಿರುವುದೇ ಅದಕ್ಕೆ. ಇವನ್ನು ಯಾವ ಆ್ಯಪೂ ಕೊಳ್ಳುವುದಿಲ್ಲ.

ಡಿಸ್ಕೂ ಚಿರಂಜೀವಿ ಅಲ್ಲ

ಕಾಕಾನ ಪಕ್ಷವನ್ನೇ ಪೂರ್ತಿ ಹಿಡಿಯಲೂ ಆಗುವುದಿಲ್ಲ. ಡಿಸ್ಕ್ ಚೆನ್ನಾಗಿದ್ದರೂ ಓಡಿಸುವ ಯಂತ್ರ ಬೇಕು. ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ನಿಲ್ಲಿಸಿತು. ಸೋನಿ 2025ರ ಫೆಬ್ರುವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆ ಮುಗಿಸಿತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ತನ್ನ ಕೊನೆಯ ಡಿಸ್ಕ್ ಕಳಿಸಿತು. ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಬಾಯಿಯೇ ಈಗ ಇರುವುದಿಲ್ಲ. ಕಾಕಾನ ಪ್ಲೇಯರಿನ ಲೆನ್ಸ್ ಹೋದಾಗ ಹುಬ್ಬಳ್ಳಿಯ ರಿಪೇರಿಯವನು ಇನ್ನೊಂದು ಸತ್ತ ಪ್ಲೇಯರಿನಿಂದ ಕಿತ್ತು ಹಾಕಿದ. ಮುಂದಿನ ಸಲಕ್ಕೆ ಸತ್ತದ್ದೂ ಸಿಗಬೇಕಲ್ಲ. ಕಾಕಾನ ತಿಜೋರಿಯಲ್ಲಿ ಹೊಸ ಕನ್ನಡ ಸಿನಿಮಾ ಅಂತ ನನಗೆ ಒಂದೂ ಕಾಣಲಿಲ್ಲ. ಈಗಿನ ಸಿನಿಮಾಗಳ ಮಟ್ಟಿಗೆ ಅವರೂ ನನ್ನಂತೆ ರಿಮೋಟ್ ಒತ್ತುವವರೇ.

ಅವರಿಗೆ ಇದೆಲ್ಲ ಗೊತ್ತಿದೆ. ಮಕ್ಕಳಿಬ್ಬರೂ ದೂರ ಇದ್ದಾರೆ, ಅವರಿಗೆ ಈ ತಿಜೋರಿ ಬೇಡ. ಅದಕ್ಕೇ ಕಾಕಾ ಈಗ ಒಂದು ಹೊಸ ಪ್ರಯತ್ನದಲ್ಲಿದ್ದಾರೆ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಪ್ರತಿಯನ್ನು ವ್ಯಾಪಾರಕ್ಕಾಗಿ ಬಾಡಿಗೆ ಕೊಡುವ ಹಕ್ಕು ಕೃತಿಯ ಮಾಲೀಕರದ್ದು. ಆದರೆ ಲಾಭ ಮಾಡದ ಗ್ರಂಥಾಲಯ ಅಥವಾ ಶಿಕ್ಷಣ ಸಂಸ್ಥೆ ನ್ಯಾಯವಾಗಿ ಪಡೆದ ಪ್ರತಿಯನ್ನು ಲಾಭದ ಉದ್ದೇಶವಿಲ್ಲದೆ ಎರವಲು ಕೊಟ್ಟರೆ ಅದು ಆ ಬಾಡಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಯಾರೋ ವಕೀಲರು ಹೇಳಿದ್ದೇ ತಡ, ಕಾಕಾ ಕೂತು ಅಸಲಿ ಯಾವುದು, ಕಳ್ಳ ಪ್ರತಿ ಯಾವುದು ಅಂತ ವಿಂಗಡಿಸಿದರು. ಅಸಲಿಯವುಗಳ ಪಟ್ಟಿ ಮಾಡಿ, ಒಂದು ಖಾಸಗಿ ಗ್ರಂಥಾಲಯಕ್ಕೆ ಹೋಗಿ, ಇಷ್ಟನ್ನೂ ದಾನ ಕೊಡುತ್ತೇನೆ, ಪುಸ್ತಕದ ಹಾಗೆ ಓದುಗರಿಗೆ ಕೊಡ್ರಿ ಅಂದರು. ಅಲ್ಲಿಯವರು ಮರ್ಯಾದೆಯಿಂದ ಕೂರಿಸಿ, ಪೇಢೆ ಕೊಟ್ಟು, "ಸರ, ನೋಡ್ಲಿಕ್ಕೆ ಪ್ಲೇಯರ್ ಯಾರ ಮನ್ಯಾಗ ಅದಾವ್ರಿ ಈಗ?" ಅಂತ ಕೇಳಿದರು. ಪ್ಲೇಯರನ್ನೂ ಡಿಸ್ಕಿನ ಜೊತೆಗೇ ಎರವಲು ಕೊಡಬಹುದಲ್ಲ, ತಮ್ಮ ಹತ್ತಿರ ಎರಡು ಪ್ಲೇಯರ್ ಇವೆ ಅಂತ ಕಾಕಾ ಬರೆದು ಕೊಟ್ಟು ಬಂದಿದ್ದಾರೆ. ಕಮಿಟಿಯ ಮುಂದೆ ಇಡುತ್ತೇವೆ ಅಂದಿದ್ದಾರಂತೆ. ಎರಡರಲ್ಲಿ ಒಂದು ನಮ್ಮ ಮನೆಯಲ್ಲಿದೆ. ಅವ್ವ ಆ ಸಿನಿಮಾ ನೋಡಿ ಮುಗಿಸಿ, ಮುಂದೆ ಯಾವುದು ತರಬೇಕು ಅಂತ ಪಟ್ಟಿ ಮಾಡಿಟ್ಟಿದ್ದಾಳೆ. ಕಮಿಟಿ ಸೇರುವುದರೊಳಗೆ ಅದನ್ನು ವಾಪಸ್ ಮುಟ್ಟಿಸು ಅಂತ ಕಾಕಾ ನನಗೆ ಎರಡು ಸಲ ಫೋನ್ ಮಾಡಿದ್ದಾರೆ.